ಮುಷರಫನ ಎರಡು ಮರದ ಮಂಡಿ

ಜನ ಗುರುಗಳಿಗೆ ನಮಸ್ಕಾರ ಹೇಳುತ್ತಾರೆ, ತಂದೆತಾಯಿಗೆ ಹೇಳುತ್ತಾರೆ, ಎಲೆಕ್ಷನ್ ಗೆದ್ದವರು ಬ್ಯಾನರು ಕಟ್ಟಿಸಿ ಮತದಾರರಿಗೆ ಹೇಳುತ್ತಾರೆ. ನಾನು ಒಂದು ಮಂಡಿಗೆ ಹೇಳಬೇಕಾಗಿದೆ. ಮಂಡಿ ನನ್ನದಲ್ಲ. ನನ್ನವು ನಲವತ್ತೊಂಬತ್ತು ವರ್ಷದಿಂದ ಒಬ್ಬರ ಬಾಯಿಗೂ ಬಿದ್ದಿಲ್ಲ. ಬೀಳುವಂಥದ್ದೇನೂ ಅವು ಮಾಡಿಲ್ಲ. ಇದು ಮುಷರಫನ ಮಂಡಿ. ಎಡವೋ ಬಲವೋ ಅಂತ ಈಗಲೇ ಕೇಳಬೇಡಿ. ಅದನ್ನು ಕೇಳಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

ನಾನು ಪುಟ್ಟಸ್ವಾಮಿ. ಚನ್ನಪಟ್ಟಣದಲ್ಲಿ ಸನಾವುಲ್ಲಾ ಸಾಹೇಬರ ಶೆಡ್ಡಿನಲ್ಲಿ ಲೇತಿನ ಮುಂದೆ ಕೂತು ಮರದ ಬೊಂಬೆ ಕಡೆಯುವವನು. ಬುಗುರಿ, ಗಿಲಕಿ, ತಲೆ ಅಲ್ಲಾಡಿಸುವ ಮುದುಕ ಮುದುಕಿ, ಎಲ್ಲ ಕೈಗೆ ಬರುತ್ತವೆ. ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದೆಲ್ಲ ಬೊಂಬೆ ಸುತ್ತಿ ಕಳಿಸುವ ಹಳೇ ಪೇಪರಿನಲ್ಲಿ ಓದಿಕೊಂಡಿದ್ದು. ಹಾಗಾಗಿ ನನಗೆ ಗೊತ್ತಿರುವ ಯಾವ ಸುದ್ದಿಗೂ ಕೊನೆ ಇಲ್ಲ, ಅಷ್ಟರಲ್ಲಿ ಪೇಪರು ಹರಿದಿರುತ್ತದೆ. ಕೊನೆಯನ್ನು ನಾನೇ ಸೇರಿಸಿಕೊಳ್ಳುತ್ತೇನೆ. ಈ ಅಭ್ಯಾಸ ಒಳ್ಳೆಯದಲ್ಲ ಅಂತ ನನ್ನ ಹೆಂಡತಿ ಕಾವೇರಮ್ಮ ಮೊದಲಿಂದ ಹೇಳುತ್ತಲೇ ಬಂದಿದ್ದಾಳೆ.

ಮುಷರಫ್ ನಮ್ಮ ಶೆಡ್ಡಿನ ಹಿಂದಿನ ಬೀದಿಯವನು. ಇಪ್ಪತ್ತೆರಡು ವಯಸ್ಸು. ಚನ್ನಪಟ್ಟಣದ ಫುಟ್ಬಾಲ್ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು. ಅವನು ಜೀವಮಾನದಲ್ಲಿ ಮೊದಲು ಒದ್ದ ಚೆಂಡು ಯಾವುದು ಗೊತ್ತಾ? ನಾನು ಕಡೆಯುವಾಗ ಕೆಟ್ಟುಹೋಗಿ ಮೂಲೆಗೆ ಎಸೆದ ಮರದ ಗುಂಡು. ಈ ಮಾತನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆ ಗುಂಡು ಕೆಡದೆ ಇದ್ದಿದ್ದರೆ ಅವನು ಆಟಗಾರ ಆಗುತ್ತಲೇ ಇರಲಿಲ್ಲ ಎಂಬುದು ನನ್ನ ವಾದ.

ಮಾಗಡಿಯವರ ಮೇಲೆ ಸೆಮಿಫೈನಲ್ ನಡೆದ ದಿನ ಜೋರು ಮಳೆ. ಗೋಲಿನ ಮುಂದೆ ಏಳು ಜನ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರ ಕಾಲೂ ಕೆಂಪು ಕೆಸರು. ಅದರೊಳಗಿಂದ ಮುಷರಫ್ ಕುಂಟುತ್ತಾ ಎದ್ದು ಬಂದ. ಮಂಡಿಗೆ ಪೆಟ್ಟು ಅಂದರು. ಯಾವ ಮಂಡಿ ಅಂತ ಆ ಕೆಸರಿನಲ್ಲಿ ದೇವರಿಗೂ ಕಂಡಿರಲಿಕ್ಕಿಲ್ಲ. ಮೂರು ವಾರ ಕಳೆದರೂ ಹುಡುಗ ಮೈದಾನಕ್ಕೆ ಇಳಿಯಲಿಲ್ಲ. ಅದರ ಮುಂದಿನ ವಾರದ ಭಾನುವಾರ ರಾಮನಗರದಲ್ಲಿ ಕನಕಪುರದವರ ಮೇಲೆ ಫೈನಲ್.

ಬರೀ ಕಪ್ಪಿನ ಮಾತಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಮುಷರಫ್ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಎರಡು ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ಲೋಡಿಂಗ್ ಮಾಡುತ್ತಿದ್ದ. ಅದೇ ಫ್ಯಾಕ್ಟರಿಯವರು ಆಟಗಾರರ ಕೋಟಾದಲ್ಲಿ ಒಬ್ಬನನ್ನು ಪರ್ಮನೆಂಟ್ ಮಾಡಿಕೊಳ್ಳುತ್ತೇವೆ, ಫೈನಲ್ ದಿನ ನಮ್ಮ ಡಾಕ್ಟರೇ ಬಂದು ನೋಡುತ್ತಾರೆ ಅಂದಿದ್ದರು. ಪಟ್ಟಿಯಲ್ಲಿ ಎರಡೇ ಹೆಸರು: ನಮ್ಮ ಮುಷರಫ್, ಕನಕಪುರದ ಗೋಲ್‌ಕೀಪರು. ಮುಷರಫನ ತಾಯಿ ನಿಖಾತಮ್ಮ ಹತ್ತೊಂಬತ್ತು ವರ್ಷದಿಂದ ರಾಮನಗರದಲ್ಲಿ ಕುದಿಯುವ ನೀರಿಗೆ ಬೆರಳು ಅದ್ದಿ ಗೂಡಿನಿಂದ ರೇಷ್ಮೆ ಎಳೆಯುವವರು. ಆ ಬೆರಳಿಗೆ ಬಿಡುವು ಸಿಗುವುದು ಈ ಮಂಡಿಯ ಮೇಲೆ ನಿಂತಿತ್ತು.

ಇಂಥ ಮಂಡಿಯ ವಿಷಯ ಅಂಕಮ್ಮನ ಟೀ ಅಂಗಡಿಗೆ ಬರದೆ ಇರುತ್ತದೆಯೇ?

"ಸೋಮವಾರ ಎಡಗಾಲು ಕುಂಟ್ತಿದ್ದ. ನಾನೇ ಕಣ್ಣಾರೆ ನೋಡಿವ್ನಿ," ಅಂದ ದೀಪು. ಮೊಬೈಲ್ ಅಂಗಡಿ ಇಟ್ಟುಕೊಂಡವನು. ಮುಷರಫ್ ಅಭಿಮಾನಿ ಬಳಗದ ವಾಟ್ಸಾಪ್ ಗುಂಪಿಗೆ ಅವನೇ ಯಜಮಾನ.

"ಮಂಗಳವಾರ ಬಲಗಾಲು!" ಅಂದರು ಮುನಿಶಾಮಯ್ಯ. ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಮೈಕು ಹಿಡಿದು ರಿಟೈರಾದವರು. ಈಗಲೂ ಏನು ಹೇಳಿದರೂ ಮಳವಳ್ಳಿ ಬಸ್ಸು ಎರಡನೇ ಅಂಕಣದಿಂದ ಹೊರಡುತ್ತದೆ ಅನ್ನುವ ಹಾಗೇ ಕೇಳುತ್ತದೆ.

"ಹಂಗಾರೆ ನೋವು ಓಡಾಡ್ತಾ ಐತೆ," ಅಂದಳು ಅಂಕಮ್ಮ. "ನಮ್ಮತ್ತೆಗೂ ಹಂಗೇ ಆಗಿತ್ತು. ಮಂಡೀಲಿ ಸುರುವಾಗಿ ಕಿವಿಗಂಟ ಹೋಯ್ತು."

"ಲೇ, ಅದು ಮೂಳೆ ಸವೆದಿರಾದು ಕಣ್ಲಾ."

"ಮೂಳೆ ಅಲ್ಲ, ನರ."

"ನರಾನೂ ಅಲ್ಲ ಮೂಳೇನೂ ಅಲ್ಲ, ಮಾಗಡಿಯವ್ರ ಕಣ್ಣು."

ದೀಪು ನನ್ನ ಕಡೆ ತಿರುಗಿದ. "ಸ್ವಾಮಣ್ಣ, ನೀನು ಹೇಳಣ್ಣ. ನಿಮ್ಮ ಶೆಡ್ಡಿನ ಹಿಂದ್ಲೇ ಮನೆ. ನಿನ್ನ ಗುಂಡು ಒದ್ದೇ ಬೆಳೆದ ಹುಡುಗ. ಯಾವ ಮಂಡಿ?"

ಎಲ್ಲರೂ ನನ್ನನ್ನೇ ನೋಡಿದರು. ಗೊತ್ತಿಲ್ಲ ಅನ್ನುವುದು ಮೂರೇ ಅಕ್ಷರದ ಮಾತು. ಮಗ್ಗಿ ಕೇಳಿದಾಗ ನಮ್ಮ ಮೇಷ್ಟ್ರಿಗೆ ಅದನ್ನು ನಾನು ದಿನಾ ಹೇಳುತ್ತಿದ್ದೆ. ಅವತ್ತು ಯಾಕೋ ನಾಲಿಗೆಗೆ ಬರಲಿಲ್ಲ. ಟೀ ಲೋಟ ಕೆಳಗಿಟ್ಟೆ. ಮೀಸೆ ಸವರಿಕೊಂಡೆ. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಅಂದೆ: "ಅದನ್ನ ನಾನು ಹೇಳೋ ಹಂಗಿಲ್ಲ ಕಣ್ರಪ್ಪ."

ಅಂಕಮ್ಮ ಕೇಳದೇ ಇನ್ನೊಂದು ಲೋಟ ಟೀ ತಂದಿಟ್ಟಳು. ಮುನಿಶಾಮಯ್ಯ ಎದ್ದು ನನಗೆ ಜಾಗ ಬಿಟ್ಟರು. ಮೂವತ್ತು ವರ್ಷ ಸಾವಿರಾರು ಪ್ರಯಾಣಿಕರನ್ನು ನಿಲ್ಲಿಸಿದ ಮನುಷ್ಯ ನನಗೋಸ್ಕರ ತಾನು ನಿಂತ! ಆ ಟೀ ಎಷ್ಟು ಸಿಹಿಯಾಗಿತ್ತು ಅಂದರೆ, ಅದರಲ್ಲಿ ಸಕ್ಕರೆ ಎಷ್ಟು, ನನ್ನ ಸೊಕ್ಕು ಎಷ್ಟು ಅಂತ ಬೇರೆ ಮಾಡಲಿಕ್ಕಾಗುತ್ತಿರಲಿಲ್ಲ.

ಮಧ್ಯಾಹ್ನ ಮುದ್ದೆ ಇಡುತ್ತಾ ಕಾವೇರಮ್ಮ ಕೇಳಿದಳು. "ಆ ಹುಡುಗನ ಮಂಡಿ ವಿಚಾರ ನಿಮಗೆ ಗೊತ್ತಂತೆ?"

"ಹೇಳೋ ಹಂಗಿಲ್ಲ ಕಣೇ."

"ನನ್ ತಾವೂವಾ?"

ನಾನು ಮೀಸೆ ಸವರಿಕೊಂಡೆ.

"ಇಪ್ಪತ್ತು ವರ್ಷದಿಂದ ಈ ಮುಖ ನೋಡ್ತಾ ಇವ್ನಿ," ಅಂದಳು. "ನಿಮಗೆ ಏನೂ ಗೊತ್ತಿಲ್ಲದಾಗ ಮಾತ್ರ ಆ ಮೀಸೆ ಮೇಲೆ ಕೈ ಹೋಗೋದು. ನಮ್ಮ ಮದುವೆ ಮಾತುಕತೇಲಿ ಸಂಬಳ ಎಷ್ಟು ಅಂತ ನಮ್ಮಪ್ಪ ಕೇಳ್ದಾಗ್ಲೂ ಹಿಂಗೇ ಸವರ್ಕೊಂಡ್ರಿ."

ಅವಳು ಹೇಳಿದ್ದು ನಿಜ. ಆದರೆ ನನ್ನ ಸಂಕಟವೂ ನಿಜ. ನಾನು ಜಂಬದವನು ಇರಬಹುದು, ಕಲ್ಲೆದೆಯವನಲ್ಲ. ಹುಡುಗನ ಮಂಡಿ ಸರಿಹೋಗಲಿ ಅಂತ ನನಗೂ ಇತ್ತು. ಅವನನ್ನೇ ಹೋಗಿ ಕೇಳೋಣ ಅಂದರೆ, ಎಲ್ಲ ಗೊತ್ತಿರುವ ಮನುಷ್ಯ ಕೇಳುವುದಾದರೂ ಹೇಗೆ? ಹಾಗಾಗಿ ಹರಕೆ ಹೊತ್ತೆ.

ನಮ್ಮ ಕಡೆ ಕಣ್ಣು ನೋವಾದರೆ ಅಮ್ಮನ ಗುಡಿಗೆ ಬೆಳ್ಳಿ ಕಣ್ಣು ಒಪ್ಪಿಸುವುದು, ಕೈ ನೋವಾದರೆ ಬೆಳ್ಳಿ ಕೈ ಒಪ್ಪಿಸುವುದು ರೂಢಿ. ಬೆಳ್ಳಿ ನನ್ನ ಮಾತು ಕೇಳುವುದಿಲ್ಲ, ಮರ ಕೇಳುತ್ತದೆ. ಮರದಲ್ಲೇ ಒಂದು ಮಂಡಿ ಕಡೆದು, ಅರಗಿನ ಬಣ್ಣ ಕೊಟ್ಟು ಒಪ್ಪಿಸುತ್ತೇನೆ ಅಂತ ಅಮ್ಮನಿಗೆ ಕೈ ಮುಗಿದೆ. ಶೆಡ್ಡಿಗೆ ಬಂದು ಬೊಂಬೆಗೆ ಬಳಸುವ ಆಲೆ ಮರದ ತುಂಡು ಆರಿಸುವಾಗ ಹೊಳೆಯಿತು. ಯಾವ ಮಂಡಿ? ಎಡ ನೋಯುತ್ತಿರುವಾಗ ಬಲ ಒಪ್ಪಿಸಿದರೆ ಅಮ್ಮ ಸರಿಯಿರುವ ಮಂಡಿಯನ್ನು ಇನ್ನೂ ಸರಿ ಮಾಡಿ ಕೂತರೆ?

ಎರಡನ್ನೂ ಮಾಡುವುದು ಅಂತ ತೀರ್ಮಾನಿಸಿದೆ.

ಸನಾವುಲ್ಲಾ ಸಾಹೇಬರು ಪಕ್ಕದ ಲೇತಿನಿಂದ ಕನ್ನಡಕ ಮೇಲಕ್ಕೆತ್ತಿ ನೋಡಿದರು. ನನಗೆ ಉಳಿ ಹಿಡಿಯಲು ಕಲಿಸಿದ ಗುರು ಅವರು. "ಅರೆ ಪುಟ್ಟಾ, ಏನದು? ಬಿಂದಿಗೆನಾ?"

"ಮಂಡಿ, ಸಾಹೇಬ್ರೇ."

"ಯಾರ್ದು?"

"ಮುಷರಫಂದು. ಹರಕೆ."

ಸಾಹೇಬರು ಲೇತು ನಿಲ್ಲಿಸಿ ಎದ್ದು ಬಂದು, ನನ್ನ ಕೈಯಿಂದ ಉಳಿ ತೆಗೆದುಕೊಂಡರು. "ತೊಡೆ ಕಡೆ ದಪ್ಪ ಬುಡು. ಇಷ್ಟು ಸಣ್ಣ ಮಾಡಿದ್ರೆ ಅದು ಕೋಳಿ ಕಾಲು. ಎರಡು ಹೆಂಗೂ ಮಾಡ್ತಾ ಇದ್ದೀಯ. ಒಂದು ನಿಮ್ಮ ಅಮ್ಮನ ಗುಡಿಗೆ ಕೊಡು, ಇನ್ನೊಂದನ್ನ ನಾನು ನಮ್ಮ ದರ್ಗಾಕ್ಕೆ ತಗೊಂಡು ಹೋಗ್ತೀನಿ. ಮಗು ಒಂದೇ ಅಲ್ವಾ?"

ಹೀಗೆ ಎರಡು ದಿನ ಇಬ್ಬರೂ ಸೇರಿ ಕಡೆದೆವು. ತೊಡೆಗೊಂದು ತುಂಡು, ಮೀನಖಂಡಕ್ಕೊಂದು ತುಂಡು, ನಡುವೆ ಒಂದು ಗುಂಡು. ಬೊಂಬೆಯ ಕುತ್ತಿಗೆಗೆ ಹಾಕುವ ಹಾಗೆ ಒಳಗೊಂದು ಗೂಟ, ಮಡಚಿದರೆ ಮಡಚಿಕೊಳ್ಳಬೇಕು. ಬಣ್ಣದ್ದೇ ಕಷ್ಟವಾಯಿತು. ಬೊಂಬೆಗೆ ಕೆಂಪು, ಹಳದಿ, ಹಸಿರು ಇವೆಯೇ ಹೊರತು ಮನುಷ್ಯನ ಬಣ್ಣ ಇಲ್ಲ. ಬೆರೆಸಿ ಬೆರೆಸಿ, ಕೊನೆಗೆ ಒಳ್ಳೇ ಮಾಗಿದ ಪಪ್ಪಾಯಿ ಬಣ್ಣ ಬಂತು. ತಾಳೆಗರಿ ಹಿಡಿದು ಉಜ್ಜಿ ಮಿಂಚು ಬರಿಸಿದೆವು. ಇಷ್ಟಾದರೂ ನೋಡಿದವರಿಗೆ ಯಾರ ಮಂಡಿ ಅಂತ ತಿಳಿಯಬೇಕಲ್ಲ? ಅಮ್ಮನ ಹತ್ತಿರ ದಿನಕ್ಕೆ ನೂರು ಅರ್ಜಿ ಬರುತ್ತವೆ. ಹಾಗಾಗಿ ಕರೀ ಬಣ್ಣದಲ್ಲಿ ದಪ್ಪಕ್ಕೆ ಬರೆದೆ: ಮುಷರಫ್, ಎಡ. ಮುಷರಫ್, ಬಲ.

ಬಣ್ಣ ಆರಲಿ ಅಂತ ಶೆಡ್ಡಿನ ಕಿಟಕಿಯ ಮೇಲೆ ಜೋಡಿಸಿಟ್ಟು ಊಟಕ್ಕೆ ಹೋದೆ. ನನ್ನ ಬಾಳಿನಲ್ಲಿ ನಾನು ಉಂಡ ಅತ್ಯಂತ ದುಬಾರಿ ಊಟ ಅದು.

ದೀಪು ಆ ದಾರಿಯಲ್ಲಿ ಬಂದಿದ್ದಾನೆ. ಕಿಟಕಿ ನೋಡಿದ್ದಾನೆ. ಫೋಟೋ ಹೊಡೆದಿದ್ದಾನೆ. "ಸ್ವಾಮಣ್ಣ ಯಾಕೆ ಹೇಳೋ ಹಂಗಿಲ್ಲ ಅಂದ್ರು ಅಂತ ಈಗ ಗೊತ್ತಾಯ್ತು" ಅಂತ ಬರೆದು, ಅಳುವ ಮುಖದ ಚಿತ್ರ ಆರು ಹಾಕಿ, ಗುಂಪಿಗೆ ಬಿಟ್ಟಿದ್ದಾನೆ.

ಅಲ್ಲಿಂದಾಚೆಗೆ ಆ ಮಂಡಿಗಳು ಯಾವ ಆಟಗಾರನ ಮಂಡಿಯೂ ಓಡದ ಓಟ ಓಡಿದವು. ಒಂದು ಗಂಟೆಯಲ್ಲಿ ರಾಮನಗರದ ಗೂಡಿನ ಮಾರ್ಕೆಟ್ಟು. ಅಲ್ಲಿಂದ ಕೂಟಗಲ್. ಸಂಜೆಯೊಳಗೆ ಕನಕಪುರ. ಮಾರನೇ ಬೆಳಿಗ್ಗೆ ಮಾಗಡಿ ಕಡೆಯ ತಿಪ್ಪಸಂದ್ರದಿಂದ ಕಾವೇರಮ್ಮನ ತಮ್ಮ ಜಯಕುಮಾರನ ಫೋನು.

"ಭಾವ, ಆ ಚೆಂಡಿನ ಹುಡುಗನ ಎರಡೂ ಕಾಲು ತೆಗೆದ್ಬುಟ್ರಂತೆ?"

"ಯಾರ್ಲಾ ಹೇಳಿದ್ದು?"

"ಮಾಗಡಿ ತುಂಬಾ ಅದೇ ಮಾತು. ನೀವೇ ಮರದ ಕಾಲು ಮಾಡಿಕೊಟ್ರಂತಲ್ಲ! ಒಳಗೆ ಸ್ಪ್ರಿಂಗ್ ಐತಂತೆ. ಅರಗಿನ ಬಣ್ಣ ಆದ್ದರಿಂದ ಮಳೇಲಿ ನೆನೆದ್ರೂ ಏನೂ ಆಗಲ್ವಂತೆ. ಭಾವ, ನಮ್ಮತ್ತೆಗೂ ಮಂಡಿ ನೋವು. ಒಂದು ಜೊತೆ ಮಾಡ್ಕೊಡಿ, ಒಸಿ ಕಪ್ಪಗಿರ್ಲಿ, ಅವ್ರು ಕಪ್ಪು."

ಫೋನಿಟ್ಟು ಶೆಡ್ಡಿಗೆ ಬಂದರೆ ಕೂಟಗಲ್ಲಿನಿಂದ ಇಬ್ಬರು ಮುದುಕರು ಪಂಚೆ ಮೇಲೆತ್ತಿಕೊಂಡು ಅಳತೆ ಕೊಡಲು ಕೂತಿದ್ದರು. ಸಾಹೇಬರು ಅವರಿಗೆ ಟೀ ಕೊಡಿಸಿ, "ಮಾಲು ಬಂದಿಲ್ಲ" ಅಂತ ಸಮಾಧಾನ ಮಾಡುತ್ತಿದ್ದರು. ನಿಜ ಹೇಳಿದರೆ ನಂಬುತ್ತಿರಲಿಲ್ಲವಂತೆ.

ಶನಿವಾರ ಬೆಳಿಗ್ಗೆ ನಿಖಾತಮ್ಮ ಬಂದರು. ಹಿಡಿದು ಬೈಯುತ್ತಾರೆ ಅಂತ ನಾನು ಲೇತಿನ ಹಿಂದೆ ಅರ್ಧ ಬಗ್ಗಿದ್ದೆ. ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಎರಡು ಮಂಡಿಗಳನ್ನೂ ಮುಟ್ಟಿ ನೋಡಿದರು. ಬಿಸಿನೀರಿನಲ್ಲಿ ಬೆಂದು ಸುಕ್ಕಾದ ಬೆರಳು ನುಣ್ಣನೆ ಅರಗಿನ ಮೇಲೆ ಜಾರಿತು.

"ಅಣ್ಣಾ, ಮೂರು ದಿನದಿಂದ ನಮ್ಮನೆಗೆ ಜನವೋ ಜನ. ಕಾಯಿಲೆಯವರನ್ನ ನೋಡಕ್ಕೆ ಬರೋ ಹಂಗೆ ಎಲ್ರೂ ಬ್ರೆಡ್ ತಂದವ್ರೆ. ಹದಿನೇಳು ಪೌಂಡ್ ಬ್ರೆಡ್ ಐತೆ ಮನೇಲಿ. ಮೋಸಂಬಿ ಇಡಕ್ಕೆ ಜಾಗ ಇಲ್ಲ. ಮುಷರಫ್ ಬಾಗಿಲು ತೆಗೆದ್ರೆ ಬಂದೋರು ಮೊದಲು ಅವನ ಕಾಲು ನೋಡ್ತಾರೆ, ಆಮೇಲೆ ಅಸಲಾಮು ಅಲೈಕುಂ ಅಂತಾರೆ." ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ನನ್ನ ಮಗನ ಮಂಡಿಗೋಸ್ಕರ ನೀವು ಹರಕೆ ಹೊತ್ತಿದ್ದೀರ ಅಂತ ಸಾಹೇಬ್ರು ಹೇಳಿದ್ರು. ಅವರಪ್ಪ ಹೋದ ಮೇಲೆ ಅವನಿಗೋಸ್ಕರ ಬೇಡ್ಕೊಂಡೋಳು ನಾನೊಬ್ಳೇ ಅಂದ್ಕೊಂಡಿದ್ದೆ. ನಿಮ್ಮ ಋಣ ದೊಡ್ಡದು ಅಣ್ಣಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೀಗೆ ಹೊಗಳಿದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಬಿಡದಿಯಿಂದ ಕೋಚ್‌ಗೆ ಫೋನ್ ಬಂದಿತ್ತಂತೆ. ಒಳಗೇನೋ ದೊಡ್ಡ ತೊಂದರೆ ಮುಚ್ಚಿಡ್ತಾ ಇದ್ದೀರಂತೆ ಅಂತ ಕೇಳಿದ್ರಂತೆ. ನಾಳೆ ಡಾಕ್ಟ್ರು ಒಪ್ಪದಿದ್ರೆ ಕೆಲಸ ಕನಕಪುರದ ಹುಡುಗನಿಗೆ. ನಾನು ಕೇಳಿದ್ರೆ ಮುಷರಫ್ ಏನಿಲ್ಲ ಅಂತಾನೆ. ಎಣ್ಣೆ ಹಚ್ಚಕ್ಕೆ ಹೋದ್ರೆ ಎರಡೂ ಮಂಡಿಗೆ ಹಚ್ಚಿಸ್ಕೊಂತಾನೆ, ಯಾವ್ದು ಅಂತ ಬಾಯಿ ಬಿಡಲ್ಲ. ನನ್ನ ತಾವ ಏನೋ ಮುಚ್ಚಿಟ್ಟವ್ನೆ. ನಿಮಗೆ ಗೊತ್ತಲ್ಲಣ್ಣಾ. ಹೇಳಿ. ನಾನು ತಡ್ಕೊಂತೀನಿ."

ಓದುಗರೇ, ಆಗ ಹೇಳಬೇಕಿತ್ತು. ಆ ಮೂರಕ್ಷರ. ಬಾಯಿ ತೆರೆದೆ. ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಹತ್ತು ದಿನದಿಂದ ಒಂದೇ ಮಾತು ಆಡಿ ಆಡಿ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು.

"ಹೇಳೋ ಹಂಗಿಲ್ಲ ಕಣಮ್ಮ," ಅಂದೆ.

ಅವರ ಮುಖ ಬಿಳಿಚಿಕೊಂಡಿತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟುಹೋದರು. ಸನಾವುಲ್ಲಾ ಸಾಹೇಬರು ತಮ್ಮ ಲೇತು ಚಾಲೂ ಮಾಡಿದರು, ಆ ದಿನವೆಲ್ಲ ನನ್ನ ಕಡೆ ತಿರುಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟೋ ಮರ ಕೆಡಿಸಿದ್ದೇನೆ, ಅವತ್ತು ಕೆಟ್ಟಷ್ಟು ಯಾವತ್ತೂ ಕೆಟ್ಟಿರಲಿಲ್ಲ.

ಭಾನುವಾರ ರಾಮನಗರದ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಫುಟ್ಬಾಲ್ ನೋಡಲು ಬಂದವರು ಅರ್ಧ, ಮರದ ಕಾಲು ನೋಡಲು ಬಂದವರು ಅರ್ಧ. ಕಾವೇರಮ್ಮ ಮಂಡಿಗಳನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ತಂದಿದ್ದಳು. ಆಟ ಮುಗಿದ ಕೂಡಲೇ ಹಾಗೇ ಗುಡಿಗೆ, ದರ್ಗಾಕ್ಕೆ ಹೋಗುವುದು ಅಂತ ಸಾಹೇಬರ ಮಾತು. ನಿಖಾತಮ್ಮ ಎರಡು ಗೋಣಿಚೀಲ ಬ್ರೆಡ್ ಹೊತ್ತು ಬಂದಿದ್ದರು. ಮನೆಯಲ್ಲಿಟ್ಟರೆ ಬೂಸಲು ಹಿಡಿಯುತ್ತದಂತೆ.

ಶಾಮಿಯಾನದ ಕೆಳಗೆ ಫ್ಯಾಕ್ಟರಿಯ ಡಾಕ್ಟರು ಭಾನುಪ್ರಿಯ ಮೇಡಂ ಕೂತಿದ್ದರು. ಮೇಜಿನ ಮೇಲೆ ಒಂದು ಫಾರಂ, ಒಂದು ಪೆನ್ನು. ಎದುರಿಗೆ ಮುಷರಫ್ ಎರಡೂ ಮಂಡಿಗೆ ಪಟ್ಟಿ ಹಾಕಿಕೊಂಡು ನಿಂತಿದ್ದ. ಪಕ್ಕದಲ್ಲಿ ಕೋಚ್ ಶಿವಕುಮಾರ್, ಶಾಲೆಯ ಡ್ರಿಲ್ ಮೇಷ್ಟ್ರು, ಕುತ್ತಿಗೆಯ ವಿಷಲ್ಲು ಜಗಿಯುತ್ತಿದ್ದರು.

"ಇಲ್ಲಿ ಪುಟ್ಟಸ್ವಾಮಿ ಅನ್ನೋರು ಯಾರು?" ಅಂದರು ಮೇಡಂ.

ನಾನು ಜನದ ಹಿಂದೆ ಸರಿಯುತ್ತಿದ್ದೆ. ಮುನಿಶಾಮಯ್ಯ ಬಿಡಬೇಕಲ್ಲ! "ಚನ್ನಪಟ್ಟಣದ ಪುಟ್ಟಸ್ವಾಮಿಯವರು ಎಲ್ಲಿದ್ದರೂ ಕೂಡಲೇ ಶಾಮಿಯಾನದ ಬಳಿ ಬರತಕ್ಕದ್ದು!" ಜನ ದಾರಿ ಬಿಟ್ಟರು. ಬಂದೆ.

"ನೋಡಿ, ಮರದ ಕಾಲಿನ ಕಥೆ ನಾನು ನಂಬಲ್ಲ," ಅಂದರು ಮೇಡಂ. "ನನಗೂ ಕಣ್ಣಿದೆ. ಆದರೆ ಈ ಹುಡುಗನಿಗೆ ಒಳಗೆ ಏನೋ ದೊಡ್ಡ ತೊಂದರೆ ಇದೆ, ಮನೆಗೆ ಹತ್ತಿರದವರೊಬ್ಬರಿಗೆ ಅದು ಗೊತ್ತು, ಅವರು ಬಾಯಿ ಬಿಡಲ್ಲ ಅಂತ ನಾಲ್ಕು ತಾಲ್ಲೂಕಿನಿಂದ ನನಗೆ ಫೋನ್ ಬಂದಿದೆ. ಆ ಹತ್ತಿರದವರು ನೀವೇ ಅಂತೆ. ಮುಚ್ಚಿಟ್ಟಿದ್ದು ಏನಾದರೂ ಇದ್ದರೆ ನಾನು ಇವತ್ತು ಸಹಿ ಹಾಕಕ್ಕಾಗಲ್ಲ. ಏನು ಅದು? ಹೇಳಿ."

ಕೈ ಮೇಲೆದ್ದಿತು. ಎದುರಿಗೆ ಕಾವೇರಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಪಕ್ಕ ನಿಖಾತಮ್ಮ ಎರಡೂ ಕೈಯಲ್ಲಿ ಬ್ರೆಡ್ಡಿನ ಚೀಲ ಹಿಡಿದು, ತೀರ್ಪು ಕೇಳುವವರ ಹಾಗೆ ನಿಂತಿದ್ದರು. ಕೈ ಅರ್ಧಕ್ಕೇ ನಿಂತಿತು. ಇಳಿಸಿದೆ.

"ನಂಗೊತ್ತಿಲ್ಲ ತಾಯಿ."

"ಏನು ಗೊತ್ತಿಲ್ಲ?"

"ಏನೂ ಗೊತ್ತಿಲ್ಲ. ಯಾವ ಮಂಡಿ ಅಂತ್ಲೇ ಗೊತ್ತಿಲ್ಲ. ಗೊತ್ತಿದ್ದಿದ್ರೆ ಒಂದೇ ಮಾಡ್ತಿದ್ದೆ." ಕಾವೇರಮ್ಮನ ಕೈಯಿಂದ ಚೀಲ ಇಸಿದುಕೊಂಡು ಎರಡು ಮಂಡಿಗಳನ್ನೂ ಮೇಜಿನ ಮೇಲಿಟ್ಟೆ. "ಇದು ಹರಕೆದು. ಟೀ ಅಂಗ್ಡೀಲಿ ನಾಲ್ಕು ಜನದ ಮುಂದೆ ಗೊತ್ತಿಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಹೇಳೋ ಹಂಗಿಲ್ಲ ಅಂದ್ಬುಟ್ಟೆ. ಹುಡುಗನಿಗೆ ಏನೂ ಇಲ್ಲ. ಇರೋ ರೋಗವೆಲ್ಲ ನಂದು. ನಿಖಾತಮ್ಮ, ನನ್ನ ಕ್ಷಮಿಸಿ ಕಣಮ್ಮ."

ಮೊದಲು ಬಾಯಿ ಬಿಟ್ಟವರು ಮುನಿಶಾಮಯ್ಯ.

"ಗೊತ್ತೇ ಇಲ್ದಿರಾದ್ನ ಹತ್ತು ದಿನ ಇಷ್ಟು ಭದ್ರವಾಗಿ ಮುಚ್ಚಿಟ್ಟಿದ್ಯಲ್ಲಾ ಸ್ವಾಮಿ! ಭಲೇ!"

ಆಗ ಕೋಚ್ ಶಿವಕುಮಾರ್ ವಿಷಲ್ಲು ಬಾಯಿಂದ ತೆಗೆದರು. "ಮೇಡಂ, ತಪ್ಪು ನಂದೂ ಇದೆ. ಮಂಡಿಗೆ ಉಳುಕಿದ್ದು ನಿಜ, ಅದು ಎರಡೇ ವಾರದಲ್ಲಿ ಸರಿಹೋಯ್ತು. ಆದರೆ ಯಾವ ಮಂಡಿ ಅಂತ ಗೊತ್ತಾದರೆ ಕನಕಪುರದ ಹುಡುಗರು ಅದಕ್ಕೇ ಬಂದು ಗುದ್ದುತಾರೆ. ಅದಕ್ಕೇ ದಿನಾ ಒಂದೊಂದು ಕಾಲು ಕುಂಟು, ಅಮ್ಮನ ಹತ್ರನೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ದೆ."

"ಮೇಷ್ಟ್ರೇ!" ಅಂದರು ನಿಖಾತಮ್ಮ. ಅಷ್ಟೇ ಅಂದಿದ್ದು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

ಮೇಡಂ ಮರದ ಮಂಡಿಯೊಂದನ್ನು ಎತ್ತಿ ಮಡಚಿದರು, ಬಿಡಿಸಿದರು. ಮುಖದ ಬಿಗಿ ಸಡಿಲವಾಯಿತು. ಅದನ್ನು ಕೆಳಗಿಟ್ಟು ಮುಷರಫನನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ಬಸ್ಕಿ ಹೊಡೆಸಿದ್ದು ಕೇಳಿಸಿತು. ಮುನಿಶಾಮಯ್ಯ ಹೊರಗಿನಿಂದಲೇ ಗಟ್ಟಿಯಾಗಿ ಎಣಿಸಿದರು, ನಲವತ್ತು. ಕುಪ್ಪಳಿಸಿದ್ದು ಕೇಳಿಸಿತು. ಕಾಲು ಗಂಟೆಯ ಮೇಲೆ ಹೊರಗೆ ಬಂದರು.

"ಯಾವ್ದು ಮೇಡಂ? ಎಡನಾ ಬಲನಾ?" ದೀಪು ಫೋನೆತ್ತಿ ಹಿಡಿದ.

"ಎರಡೂ ಅವನವೇ," ಅಂದರು ಮೇಡಂ. ಪೆನ್ನು ತೆಗೆದು ಸಹಿ ಹಾಕಿದರು. "ಮಂಡಿ ಗಟ್ಟಿಯಾಗಿದೆ. ಕೆಲಸದ ವಿಚಾರ ಆಟ ನೋಡಿ ಆಮೇಲೆ ಹೇಳ್ತೀನಿ."

ಇನ್ನು ಆಟ. ಎಲ್ಲ ಬಯಲಾಗಿದ್ದು ಶಾಮಿಯಾನದ ಕೆಳಗೆ. ಮೈದಾನದ ಆ ತುದಿಯಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ ಕನಕಪುರದ ಹುಡುಗರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರ ಪಾಲಿಗೆ ಮುಷರಫನ ಕಾಲು ಇನ್ನೂ ಮರದ್ದೇ. ವಿಷಲ್ಲು ಊದಿದ ಮೂರನೇ ನಿಮಿಷಕ್ಕೆ ಅವನು ಚೆಂಡು ತೆಗೆದುಕೊಂಡು ನುಗ್ಗಿದ. ಅವರ ಹಿಂದಾಳು, ಒಳ್ಳೇ ಬೀಸುಕಲ್ಲಿನಂಥ ಆಳು, ಎದುರಿಗೆ ಬಂದವನು ಸಟ್ಟನೆ ಪಕ್ಕಕ್ಕೆ ಸರಿದ.

"ಪಾಪ ಕಣ್ಲಾ, ಮುಟ್ಟಬ್ಯಾಡ!"

"ಅಂಟು ಬಿಟ್ಟೋದಾತು, ಹುಸಾರು!" ಅಂತ ಇನ್ನೊಬ್ಬ ಕೂಗಿದ.

ಕೋಚ್ ಮೂರು ವಾರ ನಾಟಕ ಆಡಿಸಿ ಕಾಪಾಡಲು ನೋಡಿದ ಮಂಡಿಯನ್ನು ನನ್ನ ಪಪ್ಪಾಯಿ ಬಣ್ಣದ ಮಂಡಿ ಸಲೀಸಾಗಿ ಕಾಪಾಡಿತು. ಮೊದಲ ಗೋಲು ಎಡಗಾಲಲ್ಲಿ. ಅರ್ಧದ ಬಿಡುವಿನಲ್ಲಿ ಯಾರೋ ಅವರಿಗೆ ನಿಜ ಹೇಳಿದರು ಅಂತ ಕಾಣುತ್ತದೆ, ಆಮೇಲೆ ಬಂದು ಬಂದು ಗುದ್ದಿದರು. ಒಂದು ಗೋಲು ಅವರೂ ಹೊಡೆದರು. ಎಡಕ್ಕೂ ಗುದ್ದು ಬಿತ್ತು, ಬಲಕ್ಕೂ ಬಿತ್ತು. ಪ್ರತಿ ಗುದ್ದಿಗೂ ನಿಖಾತಮ್ಮ ಕಾವೇರಮ್ಮನ ತೋಳು ಹಿಡಿದುಕೊಂಡರು. ಹುಡುಗ ಎದ್ದೆದ್ದು ಓಡಿದ. ಆಟ ಮುಗಿಯಲು ಎರಡು ನಿಮಿಷ ಇರುವಾಗ ಬಲಗಾಲಲ್ಲಿ ಇನ್ನೊಂದು ಹೊಡೆದ. ಗೋಲ್‌ಕೀಪರು ಎದ್ದು ಮೈ ಕೊಡವಿಕೊಂಡು ಅವನ ಹೆಗಲ ಮೇಲೆ ಕೈ ಹಾಕಿದ. "ಗುರುವೇ, ಇದು ಮರದ್ದೇ ಆಗಿದ್ರೂ ನಾನು ಹಿಡೀತಿರ್ಲಿಲ್ಲ."

ಹದಿನೇಳು ಪೌಂಡ್ ಬ್ರೆಡ್ಡಿಗೆ ಅಂಕಮ್ಮ ಜಾಮ್ ಹಚ್ಚಿದಳು. ಎರಡು ತಂಡದ ಹುಡುಗರೂ ಪಂಕ್ತಿಯಲ್ಲಿ ಕೂತು ತಿಂದರು. ಡಾಕ್ಟರು ಮೇಡಂ ಎರಡು ತುಂಡು ತಿಂದು, ಹೊರಡುವಾಗ ನನ್ನನ್ನು ಕರೆದರು. "ನಮ್ಮ ಫ್ಯಾಕ್ಟರಿಯಲ್ಲಿ ಭಾರ ಎತ್ತೋರಿಗೆ ಮಂಡಿ ಹೇಗೆ ಬಗ್ಗಿಸಬೇಕು ಅಂತ ತೋರಿಸಕ್ಕೆ ಇಂಥದ್ದೊಂದು ಮಾಡಿಕೊಡ್ತೀರಾ? ಹೆಸರು ಬರೀಬೇಡಿ." ಕಣ್ಣಲ್ಲಿ ನೀರು ಬಂತು. ಇಷ್ಟು ಅವಾಂತರ ಮಾಡಿದವನಿಗೆ ಸಿಗಬೇಕಾದ್ದು ಇದಲ್ಲ ಅಂತ ನನಗೆ ಗೊತ್ತು.

ನಿಖಾತಮ್ಮನ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ನನ್ನ ಕೈಗೊಂದು ಬ್ರೆಡ್ ತುಂಡು ಇಟ್ಟರು. "ನಿನ್ನೆ ರಾತ್ರಿಯೆಲ್ಲ ನಿದ್ದೆ ಇಲ್ಲ ಅಣ್ಣಾ, ಅದಕ್ಕೆ ನಿಮಗೆ ನಾಲ್ಕು ಬೈಗಳು ಬಾಕಿ ಐತೆ. ನಿಧಾನಕ್ಕೆ ಬೈತೀನಿ. ಈಗ ತಿನ್ನಿ." ಸನಾವುಲ್ಲಾ ಸಾಹೇಬರು ಅವತ್ತು ಮೊದಲ ಬಾರಿ ನನ್ನ ಕಡೆ ತಿರುಗಿ, "ನಡೀ ಪುಟ್ಟಾ, ಹರಕೆ ಬಾಕಿ ಐತೆ" ಅಂದರು. ಎಡ ಅಮ್ಮನ ಗುಡಿಗೆ ಹೋಯಿತು, ಬಲ ದರ್ಗಾಕ್ಕೆ. ಯಾವುದು ಕೆಲಸ ಮಾಡಿದ್ದು ಅಂತ ಯಾರನ್ನೂ ಕೇಳಲಿಲ್ಲ. ಇಬ್ಬರಿಗೂ ಕೈ ಮುಗಿದು ಬಂದೆವು.

ಹದಿನೈದು ದಿನದ ಮೇಲೆ ಮುಷರಫ್ ಪರ್ಮನೆಂಟ್ ಆರ್ಡರು ಹಿಡಿದುಕೊಂಡು ಸಿಹಿ ಡಬ್ಬದ ಜೊತೆ ನಮ್ಮ ಮನೆಗೆ ಬಂದ. ನನ್ನ ಕಾಲಿಗೆ ಬಗ್ಗಿದ. ಮಂಡಿ ಎಣ್ಣೆ ಹಾಕಿದ ಲೇತಿನ ಹಾಗೆ ಸಲೀಸಾಗಿ ಮಡಚಿಕೊಂಡಿತು. ನಿಖಾತಮ್ಮ ತಿಂಗಳ ಕೊನೆಗೆ ರೇಷ್ಮೆ ಎಳೆಯುವುದು ಬಿಡುತ್ತಾರಂತೆ. ಕಾವೇರಮ್ಮ ಕಾಫಿ ತರುತ್ತಾ ಅಂದಳು:

"ಮಗಾ, ಇನ್ನು ಕನಕಪುರದವ್ರ ಭಯ ಇಲ್ವಲ್ಲ. ನಿಮ್ಮ ಸ್ವಾಮಣ್ಣ ದಿನಾ ಇದನ್ನೇ ಯೋಚ್ನೆ ಮಾಡ್ತಾ ಕೂತಿರ್ತಾರೆ. ಒಂದ್ಸಲ ನಿಜ ಹೇಳ್ಬುಡು. ಯಾವ ಮಂಡಿ?"

ಮುಷರಫ್ ಎಡ ಮಂಡಿ ಮುಟ್ಟಿ ನೋಡಿಕೊಂಡ. ಬಲ ಮಂಡಿ ಮುಟ್ಟಿ ನೋಡಿಕೊಂಡ. ಹುಬ್ಬು ಗಂಟಿಕ್ಕಿದ. ಮೂರು ವಾರ ದಿನಕ್ಕೊಂದು ಕಾಲು ಕುಂಟಿದ ಹುಡುಗ ಬಹಳ ಹೊತ್ತು ಯೋಚಿಸಿದ. ಆಮೇಲೆ ಈಗಷ್ಟೇ ಚಿಗುರುತ್ತಿರುವ ಮೀಸೆಯನ್ನು ಮೆಲ್ಲಗೆ ಸವರಿಕೊಂಡ.

"ಅದನ್ನ ನಾನು ಹೇಳೋ ಹಂಗಿಲ್ಲ ಅಕ್ಕಾ," ಅಂದ.

ಕಾವೇರಮ್ಮ ನನ್ನ ಮುಖ ನೋಡಿದಳು. ನಾನು ಸಿಹಿ ಡಬ್ಬದ ಮುಚ್ಚಳ ತೆಗೆದೆ.